ಹಿಂಬದಿ ನೋಡದೆ ಜಪಾನಿ ಚಿತ್ರ ತಗೋಬೇಡಿ

ಹಳೇ ಜಪಾನಿ ಮರದಚ್ಚಿನ ಚಿತ್ರ ತರಿಸೋ ಆಸೆ ಇದ್ದರೆ ತರಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಗಾಜು ಹಾಕಿ ಫ್ರೇಮ್ ಮಾಡಿದ್ದನ್ನು ಮಾತ್ರ ಮುಟ್ಟಬೇಡಿ. ನಾನು 28 ಸಾವಿರ ಕಳಕೊಂಡು ಹೇಳ್ತಿದ್ದೇನೆ.

ನನಗೆ ಬೇಕಿದ್ದದ್ದು ಜಪಾನಿ ಕಲಾವಿದ ಚಿಕನೊಬುವಿನ 'ಚಿಯೊದಾ ನೊ ಓಓಕು' ಸರಣಿಯದು. ಎದೊ (ಇವತ್ತಿನ ಟೋಕಿಯೊ) ಕೋಟೆಯಲ್ಲಿ ಶೋಗನ್, ಅಂದರೆ ಆಗ ಜಪಾನ್ ಆಳುತ್ತಿದ್ದ ಸೇನಾಧಿಪತಿಯ ಮನೆಯ ಹೆಂಗಸರು ಹೇಗೆ ಬಾಳಿದರು ಅಂತ ಮೂರು ಮೂರು ಹಾಳೆ ಸೇರಿಸಿ ಮಾಡಿದ ಚಿತ್ರಗಳು, 1894ರಿಂದ 1896ರ ನಡುವಿನವು. ತೊಕುಗವಾ ಅನ್ನೋ ಶೋಗನ್ ವಂಶದ ಆಳ್ವಿಕೆಯಲ್ಲಿ ಆ ಮನೆತನದ ಬಗ್ಗೆ ಅಚ್ಚು ಹಾಕೋ ಹಾಗೇ ಇರಲಿಲ್ಲ, 1868ರಲ್ಲಿ ಅದು ಬಿದ್ದ ಮೇಲೆ ದಾರಿ ತೆರೀತು. ಚಿಕನೊಬು ಆ ತೊಕುಗವಾ ಪರವಾಗಿಯೇ ಹೋರಾಡಿ ಸೋತ ಸಮುರಾಯ್. ಸೋತ ಒಡೆಯನ ಅಂತಃಪುರವನ್ನು ಇಷ್ಟು ಅಕ್ಕರೆಯಿಂದ ಬಿಡಿಸಿದ್ದಾನಲ್ಲ ಅಂತ ಕರಗಿಹೋಗಿದ್ದೆ. ಕರಗಿದವರಿಗೆ ಟೋಪಿ ಹಾಕೋದು ಸುಲಭ ಅಲ್ವಾ?

ಆನ್‌ಲೈನ್‌ನಲ್ಲಿ ಸಿಕ್ಕಿದ್ದು ಚೆರ್ರಿ ಹೂ ನೋಡಲು ಹೊರಟ ಹೆಂಗಸರ ಚಿತ್ರ. ಕಲಾವಿದನ ಸಹಿ, ಅಂಚಿನಲ್ಲಿ ಮೀಜಿ 28 (ಮೀಜಿ ಚಕ್ರವರ್ತಿ ಕಾಲದ 28ನೇ ವರ್ಷ), ಅಂದರೆ 1895, ಎಲ್ಲಾ ಇತ್ತು. "ಕಾಗದ ಹಳೇದು, ಫ್ರೇಮ್ ಬಿಚ್ಚಬೇಡಿ" ಅಂತ ಮಾರಿದವನು ಎರಡು ಸಲ ಹೇಳಿದ. ಪಾಪ, ಎಷ್ಟು ಕಾಳಜಿ ಅಂದುಕೊಂಡೆ.

ಎರಡು ತಿಂಗಳಾದ ಮೇಲೆ ಹುಳ ಕೊರೆಯಿತು. ಅಪ್ಪನ ವಾಚ್ ರಿಪೇರಿ ಭೂತಗನ್ನಡಿ ಹಿಡಿದು ಒಬ್ಬಳ ಕೆಂಪು ಕಿಮೊನೊ ಮೇಲೆ ಬಗ್ಗಿದೆ. ಬಣ್ಣ ಒಂದೇ ಸಮ ಇರಲಿಲ್ಲ. ಗುಲಾಬಿ, ಹಳದಿ, ನೀಲಿ, ಚುಕ್ಕೆ ಚುಕ್ಕೆ, ಥೇಟ್ ಮದುವೆ ಕಾರ್ಡಿನ ಆಫ್‌ಸೆಟ್ ಮುದ್ರಣ! ಫ್ರೇಮ್ ಬಿಚ್ಚಿ ಹಿಂದೆ ನೋಡಿದರೆ ಹಾಲಿನಂತೆ ಬಿಳಿ. ಅಸಲಿಗೆ ಹಾಗಿರೋದಿಲ್ಲ. ಬಣ್ಣ ಹಚ್ಚಿದ ಹಲಗೆ ಮೇಲೆ ಕಾಗದ ಇಟ್ಟು ಬೆನ್ನಿನಿಂದ ಬರೆನ್ ಅನ್ನೋ ದುಂಡನೆಯ ಉಜ್ಜುಗೆ ಬಿಲ್ಲೆಯಲ್ಲಿ ಉಜ್ಜುತ್ತಾರೆ, ಹಾಗಾಗಿ ಬಣ್ಣ ಹಿಂದಕ್ಕೂ ಇಳಿದಿರುತ್ತೆ, ಎಷ್ಟೋ ಸಲ ಉಜ್ಜಿದ ಗುರುತೂ ಕಾಣುತ್ತೆ. ಸಹಿ, ಮುದ್ರೆ, ಇಸವಿ ನಂಬಬೇಡಿ. ನಕಲು ತೆಗೆಯುವಾಗ ಅವೂ ಬಂದುಬಿಡುತ್ತವೆ.

ಅವನನ್ನು ಕೇಳಿದರೆ "ನಾನು ಮೀಜಿ ಶೈಲಿ ಅಂತ ಬರೆದಿದ್ದೆ ಸಾರ್" ಅಂದ. ಹೋಗಿ ನೋಡಿದೆ, ಹೌದು, ಕೊನೇ ಸಾಲಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ವಾಪಸ್ ಕಳಿಸೋ ಗಡುವು 14 ದಿನ, ಅದು ಮುಗಿದು ಯಾವ ಕಾಲವಾಗಿತ್ತೋ.

ಈಗ ಯಾರು ಕೇಳಿದರೂ ಒಂದೇ ಮಾತು ಹೇಳ್ತೇನೆ: ದುಡ್ಡು ಕೊಡೋ ಮುಂಚೆ ಫ್ರೇಮ್‌ನಿಂದ ತೆಗೆಸಿ, ಮೂರೂ ಹಾಳೆಯ ಹಿಂಬದಿ ಫೋಟೋ, ಆಮೇಲೆ ಒಂದು ಮುಖವನ್ನು ತೀರಾ ಹತ್ತಿರದಿಂದ ತೆಗೆದ ಫೋಟೋ ಕೇಳಿ. ನೆಪ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ನಮ್ಮದು ಈಗ ಇಸ್ತ್ರಿ ಟೇಬಲ್ ಮೇಲಿನ ಗೋಡೆಯಲ್ಲಿದೆ, ಫ್ರೇಮ್ ಮಾತ್ರ ಒಳ್ಳೇ ತೇಗದ್ದು.