ಒಂದೇ ಕಾರು, ನಾಲ್ಕೈದು ಬಗೆಯ ಹೆಡ್‌ಲೈಟ್ ಬಲ್ಬು: ನಾನು ಕಂಡಿದ್ದು

ಒಂದು ರಾತ್ರಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವರೊಬ್ಬರು ನನ್ನ ಕಣ್ಣಿಗೆ ಬಿದ್ದಾಗ ಬಾನೆಟ್ಟಿನಿಂದ ಹತ್ತು ಹೆಜ್ಜೆಯಷ್ಟೇ ದೂರ ಇದ್ದರು. ಕಪ್ಪು ಬಟ್ಟೆ. ಸೈಕಲ್ಲಿನ ಹಿಂದೆ ಹೊಳೆಯುವಂಥದ್ದು ಏನೂ ಇರಲಿಲ್ಲ. ನಿಧಾನಕ್ಕೆ ಹೋಗುತ್ತಿದ್ದೆ, ಹಾಗಾಗಿ ಅನಾಹುತ ಆಗಲಿಲ್ಲ. ಆದರೆ ಮನೆ ಸೇರುವವರೆಗೂ ಕೈ ನಡುಗುತ್ತಿತ್ತು. ಮರುದಿನವೇ ಬಲ್ಬು ಬದಲಾಯಿಸಲು ಹೊರಟೆ. ಕೊನೆಗೆ ಒಂದಲ್ಲ, ಸಿಕ್ಕಿದ್ದೆಲ್ಲ ಹಾಕಿ ನೋಡಿದೆ.

ನನ್ನದು ಹನ್ನೆರಡು ವರ್ಷದ ಕಾರು. ಎಚ್4 ಅನ್ನುವ ನಮೂನೆಯ ಹ್ಯಾಲೊಜೆನ್ ಬಲ್ಬು, ಹಿಂದೆ ಹೊಳೆಯುವ ರಿಫ್ಲೆಕ್ಟರ್. ಮುಂದೆ ಗುಂಡು ಲೆನ್ಸ್ ಇರುವ ಪ್ರೊಜೆಕ್ಟರ್ ಲೈಟ್ ಅಲ್ಲ. ಎಚ್4ರಲ್ಲಿ ಎರಡು ಫಿಲಮೆಂಟ್ ಇರುತ್ತವೆ: ಹೈ ಬೀಮಿಗೆ 60 ವ್ಯಾಟ್, ಡಿಮ್ಮಿಗೆ 55 ವ್ಯಾಟ್. ಡಿಮ್ ಫಿಲಮೆಂಟಿನ ಕೆಳಗೆ ಪುಟ್ಟ ಲೋಹದ ಬಟ್ಟಲೊಂದು ಇದೆ. ಕೆಳಗೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಆಗ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ಎದುರಿನವರ ಕಣ್ಣು ಉಳಿಯುವುದು ಇದರಿಂದಲೇ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಈ ಲೆಕ್ಕ ಕೆಡುತ್ತದೆ.

ಪರೀಕ್ಷೆಗೆ ಬೀದಿ ದೀಪವಿಲ್ಲದ ಒಂದು ಖಾಲಿ ಜಾಗ ಹುಡುಕಿಕೊಂಡೆ. ಜೊತೆಗೆ ಬಾಮೈದ. ರಟ್ಟಿನ ಡಬ್ಬಕ್ಕೆ ಬೂದು ಬಟ್ಟೆ ಸುತ್ತಿದೆವು. ಅವನು ಅದನ್ನು ಎಲ್ಲೋ ಒಂದು ಕಡೆ ಇಟ್ಟು ಸರಿದು ನಿಲ್ಲುತ್ತಿದ್ದ. ನಾನು ಡಿಮ್ಮಿನಲ್ಲೇ ನಿಧಾನಕ್ಕೆ ಕಾರು ಬಿಟ್ಟುಕೊಂಡು ಹೋಗಿ, ಡಬ್ಬ ಕಂಡ ತಕ್ಷಣ ನಿಲ್ಲಿಸುತ್ತಿದ್ದೆ. ಅಲ್ಲಿಂದ ಹೆಜ್ಜೆ ಎಣಿಕೆ. ಆಮೇಲೆ ಅವನು ಎದುರಿಗೆ ಕುರ್ಚಿ ಹಾಕಿ ಕೂತು ಕಣ್ಣಿಗೆ ಎಷ್ಟು ಹೊಡೆಯುತ್ತದೆ ಅಂತ ಹೇಳುತ್ತಿದ್ದ. ಹೋಲಿಕೆ ಸರಿ ಇರಲಿ ಅಂತ ಹಳದಿಯಾಗಿದ್ದ ಲೆನ್ಸನ್ನು ಮೊದಲೇ ನೀರು ಹಾಕಿ 1000, 2000, 3000 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ, ಮೇಲೆ ಬಿಸಿಲಿನಿಂದ ಕಾಪಾಡುವ ಯುವಿ ಕೋಟ್ ಹೊಡೆದಿದ್ದೆ. ಕೋಟ್ ಹೊಡೆಯದೆ ಬಿಟ್ಟರೆ ಲೆನ್ಸ್ ಮತ್ತೆ ಬೇಗ ಮಂಕಾಗುತ್ತದೆ.

ಹಳೆ ಬಲ್ಬಿನಲ್ಲಿ ಡಬ್ಬ ಕಂಡಿದ್ದು 38 ಹೆಜ್ಜೆಗೆ. ಬಿಚ್ಚಿ ನೋಡಿದರೆ ಗಾಜಿನ ಒಳಗೆ ಕಪ್ಪು ಮಸುಕು. ಅದೇ ನಮೂನೆಯ ಹೊಸ ಬಲ್ಬು ಹಾಕಿದೆ, 44 ಆಯಿತು. ಏನೂ ಅಪ್‌ಗ್ರೇಡ್ ಮಾಡದೆ ಸಿಕ್ಕ ಆರು ಹೆಜ್ಜೆ ಇದು.

ಆಮೇಲೆ ಎಲ್‌ಇಡಿ. ನನಗೆ ಹೆಚ್ಚು ಆಸೆ ಇದ್ದಿದ್ದು ಇದರ ಮೇಲೆಯೇ. ಡಬ್ಬಿ ಮೇಲೆ 20,000 ಲುಮೆನ್, 50 ವ್ಯಾಟ್ ಅಂತ ಬರೆದಿತ್ತು. ಲುಮೆನ್ ಅಂದರೆ ಬಲ್ಬು ಕೊಡುವ ಒಟ್ಟು ಬೆಳಕಿನ ಅಳತೆ. ಸ್ವಲ್ಪ ಗುಣಿಸಿ ನೋಡಿ. ಅಷ್ಟು ಬರಬೇಕಾದರೆ ಒಂದು ವ್ಯಾಟಿಗೆ 400 ಲುಮೆನ್ ಆಗಬೇಕು. ಯಾವ ಬಿಳಿ ಎಲ್‌ಇಡಿಯೂ ಅಷ್ಟು ಕೊಡುವುದಿಲ್ಲ. ಎಚ್4 ಡಿಮ್ಮಿಗೆ 13.2 ವೋಲ್ಟಿನಲ್ಲಿ ಸುಮಾರು 1000 ಲುಮೆನ್ ಅನ್ನುವುದು ಯುರೋಪಿನ ನಿಯಮದ ಅಳತೆ. ಹಾಗಾಗಿ ಡಬ್ಬಿಯ ಸಂಖ್ಯೆ ನೋಡಿ ಖರೀದಿಸಬೇಡಿ.

ಆದರೂ ಗೋಡೆಗೆ ಬಿಟ್ಟಾಗ ನಿಜಕ್ಕೂ ಖುಷಿಯಾಯಿತು. ಹಗಲಿನಂಥ ಬೆಳಕು! ರಸ್ತೆಗೆ ಇಳಿದ ಮೇಲೆ ಕಥೆಯೇ ಬೇರೆ. ಕಾರಿನ ಮುಂದಿನ ಹತ್ತು ಹದಿನೈದು ಹೆಜ್ಜೆ ಬೆಳ್ಳಗೆ ಹೊಳೆಯುತ್ತದೆ, ಕಣ್ಣಿನ ಪಾಪೆ ಅದಕ್ಕೇ ಹೊಂದಿಕೊಂಡು ಕಿರಿದಾಗುತ್ತದೆ. ಅದರಾಚೆಯ ಕತ್ತಲು ಇನ್ನಷ್ಟು ಕತ್ತಲು ಅನ್ನಿಸುತ್ತದೆ. ಡಬ್ಬ ಕಂಡಿದ್ದು 41 ಹೆಜ್ಜೆಗೆ. ಹೊಸ ಸಾದಾ ಬಲ್ಬಿಗಿಂತ ಕಡಿಮೆ! ನನಗೆ ನಂಬಿಕೆಯೇ ಬರಲಿಲ್ಲ, ಮೂರು ಸಲ ಓಡಿಸಿದೆ.

ಎದುರು ಕೂತಿದ್ದ ಬಾಮೈದ ಕೈ ಅಡ್ಡ ಹಿಡಿದು ಕೂಗಿದ: "ಭಾವ, ಡಿಮ್ ಮಾಡಿ!"

"ಡಿಮ್ಮಲ್ಲೇ ಇದೆ ಕಣೋ!"

ಕಾರಣ ಸರಳ. ಫಿಲಮೆಂಟ್ ಒಂದು ತೆಳ್ಳನೆಯ ಸುರುಳಿ, ಸುತ್ತಲೂ ಬೆಳಕು ಚೆಲ್ಲುತ್ತದೆ. ಎಲ್‌ಇಡಿಯಲ್ಲಿ ಪಟ್ಟಿಯ ಎರಡು ಮುಖಕ್ಕೆ ಚಿಪ್ ಅಂಟಿಸಿರುತ್ತಾರೆ. ರಿಫ್ಲೆಕ್ಟರಿಗೆ ಬೇಕಾದ ಜಾಗದಲ್ಲಿ, ಬೇಕಾದ ಆಕಾರದಲ್ಲಿ ಬೆಳಕು ಹುಟ್ಟುವುದಿಲ್ಲ. ಬಲ್ಬನ್ನು ಲೈಟಿಗೆ ಕೂರಿಸುವ ಬಳೆಯನ್ನು (ಕಾಲರ್) ತಿರುಗಿಸಿ ಚಿಪ್ಪುಗಳು ಎಡಕ್ಕೂ ಬಲಕ್ಕೂ ನೇರ ಮುಖ ಮಾಡುವಂತೆ ಕೂರಿಸಿದೆ. ಪರವಾಗಿಲ್ಲ ಅನ್ನುವಷ್ಟು ಸುಧಾರಿಸಿತು, 46ಕ್ಕೆ ಬಂತು, ಎದುರಿನವರಿಗೆ ಕಾಟವೂ ಕಡಿಮೆಯಾಯಿತು. ಆದರೆ ಪೂರ್ತಿ ಹೋಗಲಿಲ್ಲ. ಇನ್ನೊಂದು ತೊಂದರೆ ಎಂದರೆ ಬಲ್ಬಿನ ಹಿಂಭಾಗದ ಫ್ಯಾನು. ಅದು ಇರುವುದರಿಂದ ಲೈಟಿನ ಹಿಂಭಾಗ ಮುಚ್ಚುವ ರಬ್ಬರ್ ಕ್ಯಾಪ್ ಸರಿಯಾಗಿ ಕೂರಲಿಲ್ಲ. ಕ್ಯಾಪ್ ಇಲ್ಲದಿದ್ದರೆ ಧೂಳು, ತೇವ ಎಲ್ಲ ಒಳಗೆ. ಮಳೆಯಲ್ಲಂತೂ 6000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನಲ್ಲಿ ರಸ್ತೆಯ ಗೆರೆ, ಗುಂಡಿ ಎರಡೂ ನನಗೆ ಸರಿಯಾಗಿ ಗೊತ್ತಾಗಲಿಲ್ಲ.

ಜರ್ಮನಿಯಲ್ಲಿ 2020ರಲ್ಲಷ್ಟೇ ಮೊದಲ ಸಲ ಇಂಥ ಎಲ್‌ಇಡಿ ಬಲ್ಬಿಗೆ ರಸ್ತೆಯಲ್ಲಿ ಬಳಸಲು ಒಪ್ಪಿಗೆ ಸಿಕ್ಕಿತು. ಅದೂ ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಿದ ಮಾಡೆಲ್‌ಗಳಿಗೆ ಮಾತ್ರ. ಯಾಕೆ ಅಂತ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ. ಬಲ್ಬು ಒಳ್ಳೆಯದಾದರೆ ಸಾಲದು, ಅದು ಆ ಲೈಟಿಗೆ ಒಗ್ಗಬೇಕು.

ಎಚ್‌ಐಡಿ ಕಿಟ್ ಒಂದು ರಾತ್ರಿ ಮಾತ್ರ ಹಾಕಿದ್ದೆ. ಇದರಲ್ಲಿ ಫಿಲಮೆಂಟ್ ಇಲ್ಲ, ಅನಿಲದೊಳಗಿನ ವಿದ್ಯುತ್ ಕಿಡಿಯಿಂದ ಬೆಳಕು. 35 ವ್ಯಾಟಿನಲ್ಲೇ 3000 ಲುಮೆನ್ ಆಸುಪಾಸು ಬರುತ್ತದೆ, ಅಂದರೆ ಚೆಲ್ಲಾಪಿಲ್ಲಿ ಬೆಳಕೂ ಅಷ್ಟೇ ಜಾಸ್ತಿ. ಸ್ವಿಚ್ ಹಾಕಿ ಕೆಲವು ಸೆಕೆಂಡ್ ಕಾದರೆ ಮಾತ್ರ ಪೂರ್ತಿ ಬೆಳಕು. ಬಾಮೈದ ಕುರ್ಚಿಯಿಂದ ಎದ್ದೇ ಬಿಟ್ಟ. ಹೆಜ್ಜೆ ಎಣಿಸದೆ ಬಿಚ್ಚಿದೆ. ರಿಫ್ಲೆಕ್ಟರ್ ಲೈಟಿಗೆ ಇದನ್ನು ಯಾರೂ ಹಾಕಬಾರದು.

100/90 ವ್ಯಾಟಿನ (ಹೈ ಬೀಮಿಗೆ 100, ಡಿಮ್ಮಿಗೆ 90) ಹ್ಯಾಲೊಜೆನ್ ಇನ್ನೊಂದು ದಾರಿ. 52 ಹೆಜ್ಜೆ, ಬೆಳಕಿನ ಆಕಾರವೂ ಕೆಡಲಿಲ್ಲ. ಆದರೆ ಎರಡು ಡಿಮ್ ಫಿಲಮೆಂಟ್ ಸೇರಿ 110 ವ್ಯಾಟ್ ಇದ್ದಿದ್ದು 180 ಆಗುತ್ತದೆ. 12 ವೋಲ್ಟಿನ ಲೆಕ್ಕದಲ್ಲಿ 9 ಆಂಪಿಯರ್ ಹೋಗುತ್ತಿದ್ದ ವೈರಿನಲ್ಲಿ 15 ಆಂಪಿಯರ್. ಒಂದು ವಾರಕ್ಕೆ ಸುಟ್ಟ ವಾಸನೆ ಬಂತು. ಹೋಲ್ಡರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿಗೆ ಅದನ್ನೂ ಕೈಬಿಟ್ಟೆ.

ಮನಸ್ಸಿಗೆ ಹಿಡಿಸಿದ್ದು "130 ಪರ್ಸೆಂಟ್ ಜಾಸ್ತಿ" ಅಂತ ಬರುವ 60/55 ವ್ಯಾಟಿನ ಹ್ಯಾಲೊಜೆನ್. ಒಟ್ಟು ಬೆಳಕು 130 ಪರ್ಸೆಂಟ್ ಏರುತ್ತದೆ ಅಂದುಕೊಳ್ಳಬೇಡಿ. ರಸ್ತೆಯ ಕೆಲವು ಜಾಗದಲ್ಲಿ, ನಿಯಮ ಕೇಳುವ ಕನಿಷ್ಠ ಮಟ್ಟಕ್ಕಿಂತ ಅಷ್ಟು ಜಾಸ್ತಿ ಎಂದು ಅರ್ಥ. ಫಿಲಮೆಂಟ್ ಇನ್ನೂ ಸಣ್ಣ, ಇನ್ನೂ ಬಿಸಿ. ಅದಕ್ಕೇ ಬೆಳಕು ಒಂದೇ ಕಡೆ ಚೂಪಾಗಿ ಬೀಳುತ್ತದೆ. 54 ಹೆಜ್ಜೆ ಸಿಕ್ಕಿತು. ಬಾಮೈದನಿಗೆ ಸಾದಾ ಬಲ್ಬಿಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಾ? ಆಯಸ್ಸು ಮಾತ್ರ ಕಡಿಮೆ. ನನ್ನ ಮೊದಲ ಜೋಡಿಯಲ್ಲಿ ಒಂದು ಹತ್ತು ತಿಂಗಳಿಗೇ ಹೋಯಿತು. ಗಾಜಿಗೆ ಪೂರ್ತಿ ನೀಲಿ ಬಣ್ಣ ಬಳಿದವನ್ನು ಮಾತ್ರ ತೆಗೆದುಕೊಳ್ಳಬೇಡಿ. ಆ ಬಣ್ಣವೇ ಒಂದಿಷ್ಟು ಬೆಳಕು ನುಂಗುತ್ತದೆ.

ಕೊನೆಗೆ ಮಾಡಿದ ಕೆಲಸವನ್ನು ನಾನು ಮೊದಲೇ ಮಾಡಬೇಕಿತ್ತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಮಲ್ಟಿಮೀಟರ್ 14.1 ವೋಲ್ಟ್ ತೋರಿಸುತ್ತಿತ್ತು. ಬಲ್ಬಿನ ಪಿನ್ನಿನಲ್ಲಿ ಬರೀ 12.3! ಉಳಿದದ್ದು ಹಳೆ ವೈರು, ಸ್ವಿಚ್ಚು, ಅರ್ಥ್ ಕನೆಕ್ಷನ್ನಿನಲ್ಲಿ ಸೋರಿ ಹೋಗುತ್ತಿತ್ತು. ಹ್ಯಾಲೊಜೆನ್ನಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ, ಹೆಚ್ಚುಕಡಿಮೆ ವೋಲ್ಟೇಜಿನ 3.4ನೇ ಘಾತದಂತೆ. ಆಟೊ ಎಲೆಕ್ಟ್ರಿಷಿಯನ್ ಹತ್ತಿರ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ವೈರಿಂಗ್ ಹಾಕಿಸಿದೆ. ಬ್ಯಾಟರಿಯಿಂದ ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ ಫ್ಯೂಸು. ಹಳೆ ಸ್ವಿಚ್ಚಿಗೆ ಈಗ ರಿಲೇ ಒತ್ತುವ ಕೆಲಸ ಮಾತ್ರ. ಪಿನ್ನಿನಲ್ಲಿ 13.7 ಬಂತು. ಲೆಕ್ಕದ ಪ್ರಕಾರ ಶೇಕಡಾ 40ರಷ್ಟು ಜಾಸ್ತಿ ಬೆಳಕು. ಅದೇ 130ರ ಬಲ್ಬಿನಲ್ಲಿ ಡಬ್ಬ 63 ಹೆಜ್ಜೆಗೆ ಕಂಡಿತು. ವೋಲ್ಟೇಜ್ ಏರಿದ್ದರಿಂದ ಬಲ್ಬು ಇನ್ನೂ ಬೇಗ ಹೋಗುತ್ತದೆ, ಅದನ್ನು ಒಪ್ಪಿಕೊಂಡೇ ಇದ್ದೇನೆ.

ಪ್ರತಿ ಸಲ ಬಲ್ಬು ಬದಲಿಸಿದಾಗಲೂ ಲೈಟಿನ ಎತ್ತರ ಹೊಂದಿಸಿದೆ. ಸಮತಟ್ಟಾದ ಜಾಗದಲ್ಲಿ 10 ಮೀಟರ್ ದೂರದ ಗೋಡೆಗೆ ಬಿಟ್ಟರೆ, ಬೆಳಕಿನ ಮೇಲಿನ ಗೆರೆ ಲೈಟಿನ ಮಧ್ಯಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು.

ನಿಮ್ಮ ಕಾರಿನದು ಪ್ರೊಜೆಕ್ಟರ್ ಲೈಟ್ ಆಗಿದ್ದರೆ ಎಲ್‌ಇಡಿ ಫಲಿತಾಂಶ ಬೇರೆ ಇರಬಹುದು. ಅಲ್ಲಿ ಬೆಳಕಿನ ಗೆರೆ ಕತ್ತರಿಸಲು ಒಳಗೇ ಒಂದು ತಗಡು ಇರುತ್ತದೆ. ಹಾಕುವ ಮೊದಲು ನಿಮ್ಮಲ್ಲಿನ ನಿಯಮ ಒಪ್ಪುತ್ತದಾ ನೋಡಿಕೊಳ್ಳಿ. ನನ್ನಂತೆ ರಿಫ್ಲೆಕ್ಟರ್ ಇದ್ದರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ, ಬಲ್ಬು ಆಮೇಲೆ ತನ್ನಿ.

ನಾನೀಗ ಡಿಕ್ಕಿಯಲ್ಲಿ ಇನ್ನೊಂದು ಜೋಡಿ ಇಟ್ಟುಕೊಂಡೇ ಓಡಾಡುತ್ತೇನೆ, ಪಕ್ಕದಲ್ಲಿ ಒಂದು ಒಣ ಬಟ್ಟೆ. ಗಾಜಿಗೆ ಬೆರಳು ತಾಗಿದರೆ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬು ಬೇಗ ಹೋಗುತ್ತದೆ. ಅದಕ್ಕೇ ಬಟ್ಟೆಯಲ್ಲೇ ಹಿಡಿದು ಹಾಕುತ್ತೇನೆ.