ಗೇಟು, ಬಾವಿ, ಆಯಾ: ಕಾರವಾರದಲ್ಲಿ ಮಗಳ ಬಾಲವಾಡಿ ಬದಲಿಸುವಾಗ ನೋಡಿದ ಮೂರು ಜಾಗಗಳು

ಕಾರವಾರದಲ್ಲಿ ಮೂರೂವರೆ ವರ್ಷದ ಮಗುವನ್ನು ಕಳಿಸಲು ಜಾಗಕ್ಕೇನೂ ಬರವಿಲ್ಲ. ದೊಡ್ಡ ಶಾಲೆಗಳ ನರ್ಸರಿಗಳಿವೆ, ಅಂಗನವಾಡಿಗಳಿವೆ, ಮನೆಯ ಮುಂದಿನ ಕೋಣೆಯಲ್ಲೇ ನಡೆಸುವ ಬಾಲವಾಡಿಗಳೂ ಇವೆ. ಮಳೆಗಾಲದ ನಡುವೆ ಮಗಳನ್ನು ಒಂದು ಕಡೆಯಿಂದ ಬಿಡಿಸಿ ಇನ್ನೊಂದು ಕಡೆ ಸೇರಿಸುವ ಪ್ರಸಂಗ ಬಂದಾಗ ಈ ಮೂರೂ ಬಗೆಯ ಜಾಗಗಳನ್ನು ನೋಡಿದೆವು. ಮೂರರಲ್ಲೂ ಕೆಲವು ದಿನ ಅವಳನ್ನು ಕೂರಿಸಿ, ಕಚೇರಿಗೆ ರಜೆ ಹಾಕಿ ನಾನೂ ಬಿಟ್ಟಷ್ಟು ಹೊತ್ತು ಅಲ್ಲೇ ಕೂತಿದ್ದೆ. ಇದೇ ಚಿಂತೆಯಲ್ಲಿರುವ ಬೇರೆ ತಾಯ್ತಂದೆಯರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಬಿಡಿಸಿದ್ದು ಯಾಕೆ ಎಂಬುದನ್ನು ಮೊದಲು ಹೇಳಬೇಕು. ಆ ಶಾಲೆಯ ಹೆಸರು ಬೇಡ. ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಚಿಲಕ ತೆಗೆದೇ ಇತ್ತು. ಮಗಳು ಒಬ್ಬಳೇ ಹೊರಬಂದು ರಸ್ತೆಯಂಚಿನಲ್ಲಿ ನಿಂತಿದ್ದಳು. ಎದುರಿನ ಹೊಲಿಗೆ ಅಂಗಡಿಯಾಕೆ ಓಡಿಬಂದು ಕೈಹಿಡಿದು ಒಳಗೆ ಬಿಟ್ಟರಂತೆ. ಶಾಲೆಯವರು ನಮಗೆ ಒಂದು ಮಾತೂ ಹೇಳಲಿಲ್ಲ; ಆ ಅಂಗಡಿಯಾಕೆಯೇ ಅತ್ತೆಗೆ ಹೇಳಿದ್ದರಿಂದ ಗೊತ್ತಾಯಿತು. ಕೇಳಲು ಹೋದರೆ "ಏನೂ ಆಗ್ಲಿಲ್ಲವಲ್ಲ ಮೇಡಂ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಗೇಟು ಒಂದು ದಿನ ಯಾರ ಕೈಯಲ್ಲಾದರೂ ತೆರೆದು ಉಳಿಯಬಹುದು, ಅಷ್ಟನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಅದನ್ನು ಮುಚ್ಚಿಟ್ಟರಲ್ಲ, ಅದು ಸಹಿಸಲಾಗಲಿಲ್ಲ. ಇಷ್ಟು ಚಿಕ್ಕ ಮಗುವಿಗೆ ಮನೆಗೆ ಬಂದು ನಡೆದದ್ದನ್ನು ವಿವರಿಸಲು ಬರುವುದಿಲ್ಲ. ಅದರ ಪರವಾಗಿ ನಮಗೆ ಹೇಳುವವರು ಅಲ್ಲಿ ಒಬ್ಬರಾದರೂ ಇರಬೇಕು. ಮುಂದೆ ನೋಡಿದ ಜಾಗಗಳನ್ನೆಲ್ಲ ನಾನು ಅಳೆದದ್ದು ಮುಖ್ಯವಾಗಿ ಇದರಲ್ಲೇ.

ಹೊಳೆಯಾಚೆ ಸದಾಶಿವಗಡದ ಕಡೆ ಒಳ್ಳೆಯ ಶಾಲೆಯಿದೆ ಎಂದು ಗೆಳತಿಯರು ಹೇಳಿದ್ದರು. ಅದನ್ನು ನೋಡಲು ಹೋಗಲೇ ಇಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದನ್ನು ಕಂಡ ಮೇಲೆ, ಮಳೆಗಾಲದಲ್ಲಿ ನನಗೂ ಮಗುವಿಗೂ ನಡುವೆ ಹೊಳೆಯೊಂದು ಇರುವುದು ಬೇಡವೆನಿಸಿತು. ಆ ದಂಡೆಯಲ್ಲೇ ಮನೆಯಿರುವವರಿಗೆ ಈ ತೊಂದರೆಯಿಲ್ಲ.

ದೊಡ್ಡ ಶಾಲೆಯ ನರ್ಸರಿಯಿಂದ ಶುರುಮಾಡುತ್ತೇನೆ. ಗೇಟಿನ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ. ವಾಚ್‌ಮನ್ ಕೂತಿರುತ್ತಾರೆ, ಒಳಹೋಗುವವರು ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು, ಮಗುವನ್ನು ಕರೆದೊಯ್ಯಲು ಫೋಟೊ ಇರುವ ಕಾರ್ಡ್ ತೋರಿಸಬೇಕು. ಸಿಸಿಟಿವಿ ಎಲ್ಲ ಕಡೆ ಇದೆ. ಆದರೆ ಅದರ ಪರದೆ ಇರುವ ಕೋಣೆಯಲ್ಲಿ ನಾನು ಕಾಯುತ್ತಾ ಕೂತಷ್ಟು ಹೊತ್ತೂ ಅದರತ್ತ ಒಬ್ಬರೂ ಕಣ್ಣು ಹಾಯಿಸಲಿಲ್ಲ. ಕ್ಯಾಮೆರಾ ಬೇಡವೆಂದಲ್ಲ, ಆಮೇಲೆ ಏನಾಯಿತು ಎಂದು ನೋಡಲು ಬೇಕೇ ಬೇಕು. ಬೀಳುವ ಮಗುವನ್ನು ಹಿಡಿಯುವುದು ಮಾತ್ರ ಮನುಷ್ಯರ ಕೈ, ಆ ಕೈಗಳೇ ಅಲ್ಲಿ ಕಡಿಮೆ. ಖಾಸಗಿ ಪ್ಲೇ ಸ್ಕೂಲುಗಳಿಗೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮಾಡಿದ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕೆಂದಿದೆ. ಇಲ್ಲಿ ಒಂದೇ ತರಗತಿಯಲ್ಲಿ ಮೂವತ್ತರ ಮೇಲೆ ಮಕ್ಕಳು. ಆಯಾ ಒಬ್ಬರೇ, ಅವರೂ ಪಕ್ಕದ ತರಗತಿಗೂ ಓಡಬೇಕು. ಶೌಚಾಲಯ ವರಾಂಡದ ತುದಿಯಲ್ಲಿ, ದೊಡ್ಡ ಮಕ್ಕಳೂ ಅದಕ್ಕೇ ಬರುತ್ತಾರೆ. ಒಂದು ಮಗು ಅಲ್ಲಿಗೆ ಒಬ್ಬಂಟಿಯಾಗಿ ಹೋಗಿ, ಬಾಗಿಲು ತೆರೆಯಲಾಗದೆ ಒಳಗೆ ಅಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡು ತೆರೆದೆ.

ಇನ್ನೊಂದು ಸಂಗತಿ ನಮ್ಮೂರಿನವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ. ಮಗಳಿಗೆ ಎರಡೂ ಅಲ್ಪಸ್ವಲ್ಪ ಬರುತ್ತವೆ. ಆ ಶಾಲೆಯಲ್ಲಿ ನರ್ಸರಿಯಿಂದಲೇ ಇಂಗ್ಲಿಷ್ ಮಾತ್ರ, ಆಯಾ ಕೂಡ ಮಕ್ಕಳ ಜೊತೆ ಕನ್ನಡವಾಗಲಿ ಕೊಂಕಣಿಯಾಗಲಿ ಆಡಬಾರದಂತೆ. "ಹೊಟ್ಟೆ ನೋಯ್ತಿದೆ" ಅಥವಾ "ಪೋಟ್ ದುಕ್ತಾ" ಎಂದು ಹೇಳಿಕೊಳ್ಳಬಲ್ಲ ಮಗು ಅಲ್ಲಿ ಬಾಯಿ ಮುಚ್ಚಿ ಕೂತಿರಬೇಕಾಗುತ್ತದೆ. ಯಾರಾದರೂ ಹೊಡೆದರೆ, ಮುಟ್ಟಬಾರದ ಕಡೆ ಮುಟ್ಟಿದರೆ ಯಾವ ಭಾಷೆಯಲ್ಲಿ ಹೇಳಬೇಕು? ಇಂಗ್ಲಿಷ್ ಬೇಗ ಕಲಿಯಲಿ ಎಂಬ ಆಸೆ ನನಗೂ ಇದೆ. ಆದರೆ ಈ ವಯಸ್ಸಿನಲ್ಲಿ ಭಾಷೆಯೂ ಸುರಕ್ಷತೆಯ ಮಾತೇ ಎಂದು ಅಲ್ಲಿ ಕೂತಾಗ ಮನದಟ್ಟಾಯಿತು.

ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಇಳಿಸಿ ಹತ್ತಿಸಲು ಒಬ್ಬಾಕೆ ಇದ್ದರು, ಅದು ಒಳ್ಳೆಯದೇ. ಆದರೆ ನಮ್ಮ ಸ್ಟಾಪು ಹೆದ್ದಾರಿ 66ರ ಆಚೆ ಬದಿಗೆ, ಕರೆದುಕೊಳ್ಳಲು ಹೋಗುವ ಅತ್ತೆಯೇ ರಸ್ತೆ ದಾಟಬೇಕು. ಜೋರು ಮಳೆಯೆಂದು ಬೇಗ ಬಿಟ್ಟ ದಿನ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿ ಬಸ್ ಹೊರಡಿಸಿಬಿಟ್ಟರು. ಅತ್ತೆಯ ಫೋನಿನಲ್ಲಿ ವಾಟ್ಸಾಪ್ ಇಲ್ಲ. ಸ್ಟಾಪಿನಲ್ಲಿ ಮನೆಯವರು ಕಾಣದಿದ್ದರೆ ಮಗುವನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ.

ಅಂಗನವಾಡಿಗೆ ನಮ್ಮವರು ಮೊದಮೊದಲು ಒಪ್ಪಲಿಲ್ಲ. ನನಗೆ ಅದರ ಮೇಲೆ ಮೊದಲಿನಿಂದ ವಿಶ್ವಾಸ, ನಾನೂ ಅಂಗನವಾಡಿಯಲ್ಲೇ ಕೂತು ಬೆಳೆದವಳು. 1975ರಲ್ಲಿ ಶುರುವಾದ ಈ ವ್ಯವಸ್ಥೆಯ ದೊಡ್ಡ ಬಲವೆಂದರೆ ಅಲ್ಲಿನ ಟೀಚರ್ ಓಣಿಯ ಮನೆಮನೆಯನ್ನೂ ಬಲ್ಲವರು. ಯಾವ ಮಗುವಿನ ಅಜ್ಜಿ ಯಾರು, ಯಾರ ಮನೆಯಲ್ಲಿ ಜಗಳ ನಡೆದಿದೆ, ಯಾರ ಕೈಗೆ ಮಗುವನ್ನು ಕೊಡಬಾರದು, ಎಲ್ಲ ಅವರಿಗೆ ಗೊತ್ತು. ಯಾವ ಕಾರ್ಡೂ ಅಷ್ಟು ಹೇಳಲಾರದು. ಬಿಸಿ ಊಟ, ಹಾಲು, ಮೊಟ್ಟೆ ಸಿಗುತ್ತದೆ. ಮಕ್ಕಳ ತೂಕ, ಎತ್ತರ ಬರೆದಿಡುತ್ತಾರೆ. ಮಗಳು ಮೂರರಲ್ಲಿ ಅತ್ಯಂತ ಬೇಗ ಹೊಂದಿಕೊಂಡದ್ದೂ ಅಲ್ಲೇ, ಎರಡನೇ ದಿನಕ್ಕೇ ನನ್ನನ್ನು ಮನೆಗೆ ಹೋಗೆಂದಳು.

ಆದರೆ ಆ ಒಬ್ಬ ಟೀಚರ್ ಮೇಲೆ ಎಷ್ಟು ಹೊರೆ! ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪಿಗೆ ವಿವರ ತುಂಬಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಸಮೀಕ್ಷೆ, ಮೀಟಿಂಗ್, ಚುನಾವಣೆ ಬಂದರೆ ಅದರ ಕೆಲಸ. ಅವರು ಹೊರಗೆ ಹೋದ ದಿನ ಸಹಾಯಕಿ ಒಬ್ಬರೇ ಅಡುಗೆಯನ್ನೂ ಮಾಡಿ ಮಕ್ಕಳನ್ನೂ ನೋಡಬೇಕು. ಒಲೆಗೂ ಮಕ್ಕಳು ಕೂರುವ ಜಾಗಕ್ಕೂ ನಡುವೆ ಸೊಂಟದೆತ್ತರದ ಗೋಡೆಯಷ್ಟೇ. ತಪ್ಪು ಆಕೆಯದ್ದಲ್ಲ, ಎರಡು ಕೈಯಲ್ಲಿ ಎಷ್ಟೆಂದು ಮಾಡಿಯಾರು. ನನ್ನನ್ನು ನಿಜವಾಗಿ ಹೆದರಿಸಿದ್ದು ಹಿಂಬದಿಯ ಬಾವಿ. ಕಟ್ಟೆ ಇತ್ತು, ಆದರೆ ಅದರ ಬುಡದಲ್ಲೇ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಹತ್ತಿದರೆ ಮೂರು ವರ್ಷದ ಮಗು ಬಾವಿಗೆ ಬಗ್ಗಿ ನೋಡಬಹುದು. ಜುಲೈ ತಿಂಗಳು, ನೀರು ಕೈಗೆಟುಕುವಷ್ಟು ಮೇಲೆ ಬಂದಿತ್ತು. ನಮ್ಮ ಕರಾವಳಿಯಲ್ಲಿ ಹಿತ್ತಲಿಗೊಂದು ಬಾವಿ ಇರುವುದರಿಂದ ಅದು ಯಾರ ಕಣ್ಣಿಗೂ ಅಪಾಯವಾಗಿ ಕಾಣುವುದೇ ಇಲ್ಲ.

ಟೀಚರಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ನಾನೂ ಎಷ್ಟೋ ಸಲ ಹೇಳಿದ್ದೇನೆ, ತಾಯಂದಿರು ಹೇಳಿದರೆ ತೂಕ ಬೇರೆ" ಎಂದು ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಗೆ ಕರೆದರು. ನಾಲ್ಕಾರು ತಾಯಂದಿರು ಸೇರಿ ನಗರಸಭೆಗೆ ಅರ್ಜಿ ಕೊಟ್ಟೆವು, ವಾರ್ಡಿನ ಸದಸ್ಯರನ್ನು ಕರೆತಂದು ಬಾವಿ ತೋರಿಸಿದೆವು. ಗಣೇಶ ಚೌತಿಗೆ ಮೊದಲೇ ಬಾವಿಗೆ ಕಬ್ಬಿಣದ ಜಾಲರಿ ಬಂತು, ಒಗೆಯುವ ಕಲ್ಲು ಆಚೆ ಸರಿಯಿತು. ಖಾಸಗಿ ಜಾಗದಲ್ಲಿ ನಮ್ಮ ಮಾತು ಇಷ್ಟು ನಡೆಯುತ್ತದೆ ಎಂದು ನನಗನ್ನಿಸುವುದಿಲ್ಲ. ಅಂಗನವಾಡಿ ನಮ್ಮದು, ಕೇಳುವ ಹಕ್ಕು ನಮಗಿದೆ. ಮಗು ಅಲ್ಲಿಗೆ ಹೋಗದಿದ್ದರೂ ಕೇಳಬೇಕು.

ಮೂರನೆಯದು ನಿವೃತ್ತ ಅಕ್ಕೋರೊಬ್ಬರು, ಅಂದರೆ ಶಿಕ್ಷಕಿಯೊಬ್ಬರು, ತಮ್ಮ ಮನೆಯಲ್ಲೇ ನಡೆಸುವ ಬಾಲವಾಡಿ. ಹದಿನೈದರೊಳಗೆ ಮಕ್ಕಳು, ಅಕ್ಕೋರ ಜೊತೆ ಇಬ್ಬರು ಸಹಾಯಕಿಯರು. ಕ್ಯಾಮೆರಾ ಒಂದೇ, ಅದೂ ಗೇಟಿನ ಮೇಲೆ. ಜಗಲಿಯಲ್ಲಿ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ಬೆಳಿಗ್ಗೆ ಬಿಡುವಾಗ ಇಂದು ಮಗುವನ್ನು ಕರೆದೊಯ್ಯುವವರು ಯಾರೆಂದು ಬರೆಯಬೇಕು. ಮಧ್ಯಾಹ್ನ ಅವರೇ ಬಂದು ಸಹಿ ಹಾಕಬೇಕು. ಒಂದು ದಿನ ಅತ್ತೆಗೆ ಮೈ ಹುಷಾರಿಲ್ಲದೆ ಮೈದುನ ಹೋದ. ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಮಗಳು "ಕಾಕಾ" ಎಂದು ಕೂಗಿ ಓಡಿಬಂದರೂ ಅಕ್ಕೋರು ಬಿಡಲಿಲ್ಲ. "ತಪ್ಪು ತಿಳೀಬೇಡಿ, ಅವಳ ತಾಯಿ ಫೋನ್ ಮಾಡಲಿ" ಎಂದು ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರಂತೆ. ಅವನು ಮುಖ ಊದಿಸಿಕೊಂಡು ಬಂದ. ನನಗೆ ಅವತ್ತು ಎಷ್ಟೋ ದಿನಗಳ ಮೇಲೆ ನೆಮ್ಮದಿಯ ನಿದ್ದೆ ಬಂತು.

ಮಗುವನ್ನು ಕೈಗೆ ಕೊಡುವಾಗ ಆ ದಿನದ ವರದಿ ಅವರ ಬಾಯಲ್ಲೇ ಬರುತ್ತದೆ. "ಇವತ್ತು ಮೆಟ್ಟಿಲಲ್ಲಿ ಜಾರಿದಳು, ಮೊಣಕಾಲು ತರಚಿದೆ, ತೊಳೆದು ಔಷಧಿ ಹಚ್ಚಿದ್ದೇನೆ, ನೀವೂ ಒಮ್ಮೆ ನೋಡಿ." ಗಾಯ ನಮ್ಮ ಕಣ್ಣಿಗೆ ಬೀಳುವ ಮೊದಲೇ ಮಾತು ಬಂದಿರುತ್ತದೆ. ಇದಕ್ಕಿಂತ ಹೆಚ್ಚಿನದನ್ನು ನಾನು ಯಾವ ಶಾಲೆಯಿಂದಲೂ ಕೇಳುವುದಿಲ್ಲ.

ಕೊರತೆಗಳು ಇಲ್ಲೂ ಇವೆ. ಜಾರಿದ್ದು ಯಾಕೆಂದರೆ ಮೆಟ್ಟಿಲಿನ ಮೇಲೆ ಮಳೆಗಾಲದ ಪಾಚಿ. ಹೇಳಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದರು, ಪಾಚಿ ಮತ್ತೆ ಬರುತ್ತದೆ, ಮತ್ತೆ ಹೇಳಬೇಕು. ಬೆಂಕಿ ನಂದಿಸುವ ಸಿಲಿಂಡರ್ ಇಲ್ಲ, ತರಿಸುತ್ತೇನೆ ಎಂದಿದ್ದಾರೆ. ಅಕ್ಕೋರಿಗೆ ಜ್ವರ ಬಂದರೆ ಬಾಗಿಲು ಮುಚ್ಚುತ್ತದೆ. ಮನೆಯಲ್ಲಿ ನಡೆಯುವ ಜಾಗವಾದ್ದರಿಂದ ಇಲ್ಲಿ ಇನ್ನೊಂದನ್ನು ಸಂಕೋಚ ಬಿಟ್ಟು ಕೇಳಬೇಕು: ಶಾಲೆಯ ಹೊತ್ತಿಗೆ ಮನೆಯಲ್ಲಿ ಬೇರೆ ಯಾರಿರುತ್ತಾರೆ, ಮಕ್ಕಳನ್ನು ಶೌಚಕ್ಕೆ ಕರೆದೊಯ್ಯುವವರು ಯಾರು, ಒಳಕೋಣೆಗಳ ಬಾಗಿಲು ಹಾಕಿರುತ್ತದೆಯೇ. ನಾನು ಕೇಳಿದೆ. ಅವರು ಬೇಸರಿಸದೆ ಮನೆಯೆಲ್ಲ ತಿರುಗಾಡಿಸಿ ತೋರಿಸಿದರು, ನೋಂದಣಿ ಪತ್ರವನ್ನೂ ತೆಗೆದಿಟ್ಟರು. ಕೇಳಿದ್ದಕ್ಕೆ ಮುಖ ಕೆಂಪಾದರೆ ಅಲ್ಲಿಂದ ಎದ್ದುಬರುವುದು ಒಳ್ಳೆಯದು. ಅನುಮಾನ ಬರುವಂಥದ್ದು ಏನಾದರೂ ಕಂಡರೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದ ಯಾರೇ ಆದರೂ ದೂರು ಕೊಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ, ಶಾಲೆಯವರೂ ಅದಕ್ಕೆ ಹೊರತಲ್ಲ.

ಮಗಳು ಈಗ ಅಕ್ಕೋರ ಬಳಿಗೇ ಹೋಗುತ್ತಿದ್ದಾಳೆ. ಹಳೇ ಶಾಲೆಗೆ ಕಟ್ಟಿದ ವರ್ಷದ ಫೀ ವಾಪಸ್ ಬರಲಿಲ್ಲ, ಅದೇ ಹಣಕ್ಕಾಗಿ ಮಗುವನ್ನು ಅಲ್ಲೇ ಬಿಡುವ ಮಾತೇ ಇರಲಿಲ್ಲ. ವರ್ಷ ಹಾಳಾಗುತ್ತದೆ ಎಂದು ನೆಂಟರು ಹೆದರಿಸಿದರು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ, 2025-26ರಲ್ಲಿ ಸ್ವಲ್ಪ ಸಡಿಲಿಸಿದ್ದು ಬೇರೆ ಮಾತು. ಮೂರೂವರೆ ವರ್ಷದವಳಿಗೆ ಕಳೆದುಕೊಳ್ಳಲು ಯಾವ ವರ್ಷವೂ ಇಲ್ಲ.

ಎಲ್ಲರಿಗೂ ಇದೇ ಸರಿ ಎನ್ನಲಾರೆ. ಅಕ್ಕೋರು ಹನ್ನೆರಡೂವರೆಗೆ ಬಿಟ್ಟುಬಿಡುತ್ತಾರೆ, ನಮ್ಮ ಮನೆಯಲ್ಲಿ ಅತ್ತೆ ಇರುವುದರಿಂದ ನಡೆಯುತ್ತಿದೆ. ಗಂಡ ಹೆಂಡತಿ ಇಬ್ಬರೇ ದುಡಿಯುವ ಮನೆಯವರು ಸಂಜೆಯವರೆಗೆ ನಡೆಯುವ ಅಂಗನವಾಡಿಯನ್ನು ನೋಡಲಿ, ಆದರೆ ಟೀಚರ್ ಮೀಟಿಂಗಿಗೆ ಹೋದ ದಿನವೇ ಹೋಗಿ ನೋಡಲಿ. ದೊಡ್ಡ ಶಾಲೆಯನ್ನು ನಾವೂ ತಳ್ಳಿಹಾಕಿಲ್ಲ. ಮಗಳಿಗೆ ಐದು ತುಂಬಲಿ, ಶೌಚಾಲಯದ ಬಾಗಿಲು ತಾನೇ ತೆರೆದು ಬರುವಂತಾಗಲಿ, ನನ್ನ ಫೋನ್ ನಂಬರ್ ಬಾಯಿಪಾಠ ಬರಲಿ, ಆಮೇಲೆ ಆ ಬಸ್ಸಿನ ಸ್ಟಾಪು ಹೆದ್ದಾರಿಯ ಈಚೆಗೆ ಬಂದೀತೇ ಎಂದು ಹೋಗಿ ಕೇಳುತ್ತೇನೆ.