ಹಳೆಯ ಫ್ಲೈ ರೀಲ್‌ಗಳಿಗೆ ಬಿಎ ಸ್ಕ್ರೂ ಬಾಕ್ಸ್: ದೀರ್ಘ ಬಳಕೆಯ ನಂತರದ ವಿಮರ್ಶೆ (5ಕ್ಕೆ 3.5)

ಮೊದಲೇ ಹೇಳಿಬಿಡುತ್ತೇನೆ: ರಿಪೇರಿ ಮಾಡುತ್ತಿರುವುದು ಬ್ರಿಟಿಷ್ ಫ್ಲೈ ರೀಲ್ (ಮೀನು ಹಿಡಿಯುವ ದಾರ ಸುತ್ತುವ ಗಾಲಿ) ಆದರೆ ಬ್ರಿಟಿಷ್ ಅಳತೆಯ ಸ್ಕ್ರೂಗಳಿರುವ ಈ ಬಾಕ್ಸ್ ತೆಗೆದುಕೊಳ್ಳಿ, ಅಮೆರಿಕನ್ ರೀಲ್ ಆದರೆ ಬೇಡ. ಎರಡೂ ಇದ್ದರೆ ಎರಡು ಬೇರೆ ಬಾಕ್ಸ್ ಇಟ್ಟುಕೊಳ್ಳಿ, ಒಂದರ ಸ್ಕ್ರೂ ಇನ್ನೊಂದಕ್ಕೆ ಸೇರದ ಹಾಗೆ ನೋಡಿಕೊಳ್ಳಿ. ಹಳೆಯ ರೀಲ್‌ಗಳು ಹಾಳಾಗುವುದು ಸ್ಕ್ರೂ ಕಳೆದುಹೋದದ್ದರಿಂದಲ್ಲ. 'ಹೆಚ್ಚುಕಡಿಮೆ ಸರಿಹೋಗುತ್ತದೆ' ಎಂದು ಯಾವುದೋ ಸ್ಕ್ರೂವನ್ನು ಒತ್ತಿ ತಿರುಗಿಸಿದ್ದರಿಂದ.

ಬಾಕ್ಸ್‌ನಲ್ಲಿರುವುದು 4, 6, 8 ಮತ್ತು 10 ಬಿಎ. ಹಿತ್ತಾಳೆ ಮತ್ತು ಸ್ಟೀಲ್ ಎರಡರಲ್ಲೂ ಬರುತ್ತವೆ. ಚೀಸ್‌ಹೆಡ್ (ನೇರ ಅಂಚಿನ ದುಂಡು ತಲೆ) ಮತ್ತು ಕೌಂಟರ್‌ಸಂಕ್ (ಗುಳಿಯೊಳಗೆ ಕೂರುವ ಓರೆ ತಲೆ) ತಲೆಗಳು, ಎಲ್ಲದಕ್ಕೂ ಒಂದೇ ಸೀಳು. ಬಿಎ ಎಂದರೆ ಬ್ರಿಟಿಷ್ ಅಸೋಸಿಯೇಶನ್ ಥ್ರೆಡ್. ಕೋನ 47.5 ಡಿಗ್ರಿ, ಅಂಕಿ ದೊಡ್ಡದಾದಷ್ಟೂ ಸ್ಕ್ರೂ ಸಣ್ಣದು. 4 ಬಿಎ 3.6 ಮಿ.ಮೀ., 6 ಬಿಎ 2.8, 8 ಬಿಎ 2.2, 10 ಬಿಎ 1.7. ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರ, ಕ್ರಮವಾಗಿ 0.66, 0.53, 0.43, 0.35 ಮಿ.ಮೀ. ಈ ಎಂಟು ಅಂಕಿಗಳನ್ನು ಬಾಕ್ಸ್‌ನ ಮುಚ್ಚಳದ ಒಳಗೆ ಬರೆದು ಅಂಟಿಸಿ, ಕೆಲಸ ಅರ್ಧ ಹಗುರ.

ಗೊಂದಲ ಶುರುವಾಗುವುದು 2.2 ಮಿ.ಮೀ. ಆಸುಪಾಸಿನಲ್ಲಿ. 8 ಬಿಎ 2.2 ಮಿ.ಮೀ., ಪಿಚ್ 0.43. ಅಮೆರಿಕದ 2-56 (2 ನಂಬರಿನ, ಇಂಚಿಗೆ 56 ಥ್ರೆಡ್‌ನ) ಸ್ಕ್ರೂ 2.18 ಮಿ.ಮೀ., ಪಿಚ್ 0.454. ಮೆಟ್ರಿಕ್ ಎಂ2.2ರ ಪಿಚ್ 0.45. ಮೂರನ್ನೂ ಅಂಗೈ ಮೇಲೆ ಇಟ್ಟರೆ ಕಣ್ಣಿಗೆ ಒಂದೇ. 8 ಬಿಎ ತೂತಿಗೆ 2-56 ಹಾಕಿದರೆ ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ಸಲೀಸಾಗಿ ಹೋಗುತ್ತದೆ. ಐದನೇ ಸುತ್ತಿಗೆ ಪಿಚ್ ವ್ಯತ್ಯಾಸ ಸೇರಿ 0.12 ಮಿ.ಮೀ. ಆಗಿರುತ್ತದೆ, ಅಂದರೆ ಒಂದು ಥ್ರೆಡ್‌ನ ಕಾಲು ಭಾಗಕ್ಕಿಂತ ಹೆಚ್ಚು. ಅಲ್ಲಿ ಬಿಗಿಯುತ್ತದೆ. ಸ್ಕ್ರೂ ಕೂತಿತು ಎಂದುಕೊಂಡು ಡ್ರೈವರ್‌ನಿಂದ ಇನ್ನೊಂದು ಸುತ್ತು ಕೊಟ್ಟರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

6 ಬಿಎ ಇನ್ನೂ ಮೋಸಗಾರ. ಅಮೆರಿಕದ 4-48 ಸ್ಕ್ರೂವಿನ ಪಿಚ್ 0.529, ವ್ಯಾಸ 2.84, 6 ಬಿಎ ತೂತಿನಲ್ಲಿ ಸ್ವಲ್ಪ ಬಿಗಿಯಾಗಿ ಕೊನೆಯವರೆಗೂ ಹೋಗಿಬಿಡುತ್ತದೆ. ಆದರೆ ಅದರ ಕೋನ 60 ಡಿಗ್ರಿ. ಥ್ರೆಡ್‌ನ ಪಕ್ಕಗಳು ಪೂರ್ತಿ ಕೂರದೆ ಒಂದು ಅಂಚಿನಲ್ಲಿ ಮಾತ್ರ ಒತ್ತುತ್ತವೆ. ನಾಲ್ಕಾರು ಸಲ ಬಿಚ್ಚಿ ಹಾಕಿದರೆ ತೂತು ಸಡಿಲ. ಅದೇ ಅಂಗಡಿಯ ಡಬ್ಬಿಯಲ್ಲಿ ಸಿಗುವ ಸಾಮಾನ್ಯ 4-40 ಆದರೆ ಎರಡೇ ಸುತ್ತಿಗೆ ನಿಂತು ತಾನೇ ಎಚ್ಚರಿಸುತ್ತದೆ.

ಹಾಗಾಗಿ ಅಳತೆ ಮೊದಲು, ಖರೀದಿ ಆಮೇಲೆ. ಉಳಿದಿರುವ ಜೋಡಿ ಸ್ಕ್ರೂವನ್ನು ಬಿಚ್ಚಿ, ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಜಿಡ್ಡು ತೆಗೆದು, ಹೊರ ವ್ಯಾಸವನ್ನು ಕ್ಯಾಲಿಪರ್‌ನಲ್ಲಿ ನೋಡಿ. ಸವೆದ ಸ್ಕ್ರೂ 0.05ರಿಂದ 0.1 ಮಿ.ಮೀ. ಕಡಿಮೆ ತೋರಿಸುವುದು ಸಹಜ. ವ್ಯಾಸವೊಂದನ್ನೇ ನಂಬುವಂತಿಲ್ಲ, ಪಿಚ್ ಬೇಕೇ ಬೇಕು. ಥ್ರೆಡ್ ಗೇಜ್ ಇಲ್ಲದಿದ್ದರೆ ಗೊತ್ತಿರುವ ಬಿಎ ಸ್ಕ್ರೂ ಒಂದನ್ನು ಇದರ ಪಕ್ಕಕ್ಕೆ ಥ್ರೆಡ್‌ಗೆ ಥ್ರೆಡ್ ಒತ್ತಿ, ಬೆಳಕಿನೆದುರು ಭೂತಗನ್ನಡಿಯಲ್ಲಿ ನೋಡಿ. ಉದ್ದಕ್ಕೂ ಬೆಳಕು ನುಸುಳದಿದ್ದರೆ ಹೊಂದಿತು. ಮಧ್ಯದಲ್ಲಿ ಕೂತು ತುದಿಯಲ್ಲಿ ಎದ್ದರೆ ಬೇರೆ ಪಿಚ್. ತೂತಿನಲ್ಲಿ ಪರೀಕ್ಷಿಸುವಾಗ ಬೆರಳು ಮಾತ್ರ, ಕನಿಷ್ಠ ಐದು ಸುತ್ತು.

ತಲೆಯ ಕೋನವನ್ನೂ ಮರೆಯಬೇಡಿ. ಬಿಎ ಕೌಂಟರ್‌ಸಂಕ್ 90 ಡಿಗ್ರಿ, ಅಮೆರಿಕದ್ದು 82. ಬ್ರಿಟಿಷ್ ರೀಲ್‌ನ ಗುಳಿಗೆ 82ರ ತಲೆ ಹಾಕಿದರೆ ಅದು ಬುಡದಲ್ಲಿ ಮಾತ್ರ ಕೂತು ಮೇಲಂಚಿನ ಸುತ್ತ ಸಂದಿ ಬಿಡುತ್ತದೆ; ಲೈನ್ (ಮೀನು ಹಿಡಿಯುವ ದಾರ) ಉಜ್ಜುವ ಜಾಗವಾದರೆ ಆ ಸಂದಿಯ ಅಂಚು ಲೈನ್‌ನ ಮೇಲ್ಪದರವನ್ನು ಕೆರೆಯುತ್ತದೆ.

ಈ ಬಾಕ್ಸ್‌ನ ಸ್ಕ್ರೂಗಳ ಗುಣಮಟ್ಟ ಚೆನ್ನಾಗಿದೆ, ಆದರೆ ನೇರವಾಗಿ ಹಾಕಿಬಿಡಬಹುದು ಎಂದುಕೊಳ್ಳಬೇಡಿ. ತಲೆಗಳು ಹಳೆಯ ರೀಲ್‌ಗೆ ಬಹುತೇಕ ದಪ್ಪ, ಉದ್ದವನ್ನೂ ನೋಡಿಕೊಳ್ಳಬೇಕು. ಇಂಗ್ಲೆಂಡಿನ ಹಾರ್ಡಿ ಕಂಪನಿಯ ಎಲ್‌ಆರ್‌ಎಚ್ ಲೈಟ್‌ವೇಟ್ ಸಾಲಿನ ಸ್ಪೂಲ್ ಲ್ಯಾಚ್ (ದಾರ ಸುತ್ತುವ ಸ್ಪೂಲನ್ನು ಹಿಡಿದಿಡುವ ಚಿಲಕ) ಮುಚ್ಚಳದ ಎರಡು ಸ್ಕ್ರೂಗಳನ್ನೇ ನೋಡಿ: ಸ್ಕ್ರೂ ಕೂದಲೆಳೆಯಷ್ಟು ಉದ್ದವಾದರೂ ಲ್ಯಾಚ್ ಜಾರುವುದು ನಿಲ್ಲುತ್ತದೆ, ಸ್ಪೂಲ್ ಒಮ್ಮೆ ಬಿದ್ದೇ ಬೀಳುತ್ತದೆ. ಸರಿಮಾಡುವ ಕ್ರಮ ಹೀಗೆ. ಸ್ಕ್ರೂಗೆ ಮೊದಲು ಅದೇ ಅಳತೆಯ ನಟ್ ಹಾಕಿ. ಬೇಕಾದ ಉದ್ದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ಬಿಟ್ಟು ಜ್ಯುವೆಲರ್ ಗರಗಸದಲ್ಲಿ ಕತ್ತರಿಸಿ. ನಯವಾದ ಅರದಿಂದ ಉಳಿದದ್ದನ್ನು ತಗ್ಗಿಸಿ, ಅಂಚನ್ನು ಸ್ವಲ್ಪ ಓರೆ ಮಾಡಿ. ಆಮೇಲೆ ನಟ್ಟನ್ನು ತುದಿಯ ಕಡೆಗೆ ಬಿಚ್ಚಿ ತೆಗೆಯಿರಿ. ಕತ್ತರಿಸಿದ ಜಾಗದ ಥ್ರೆಡ್ ತಾನೇ ಶುದ್ಧವಾಗುತ್ತದೆ. ತಲೆ ದಪ್ಪವಿದ್ದರೆ ಸ್ಕ್ರೂವನ್ನು ಡ್ರಿಲ್ ಚಕ್‌ನಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತಾ ಅರ ಹಿಡಿಯಿರಿ. ಥ್ರೆಡ್ ಜಜ್ಜದಂತೆ ತೆಳು ತಾಮ್ರದ ಹಾಳೆ ಸುತ್ತುವುದು ಕಡ್ಡಾಯ.

ರೀಲ್‌ನ ಪಾದದ ಸ್ಕ್ರೂಗೂ ಇದೇ ಮಾತು. ಉದ್ದ ಹೆಚ್ಚಾದರೆ ಫ್ರೇಮ್‌ನ ಒಳಗೆ ಇಣುಕಿ ಸ್ಪೂಲ್‌ನ ಅಂಚಿಗೆ ಗೀರು ಹಾಕುತ್ತದೆ.

ನನ್ನ ದೊಡ್ಡ ತಕರಾರು ಬೆಸ ಅಂಕಿಗಳ ಬಗ್ಗೆ. ಬಾಕ್ಸ್‌ನಲ್ಲಿ 5, 7, 9 ಬಿಎ ಇಲ್ಲವೇ ಇಲ್ಲ. ಯಾರೋ ಹಿಂದಿನ ಮಾಲೀಕ 8 ಬಿಎ ತೂತನ್ನು ಕೆಡಿಸಿಟ್ಟಿದ್ದರೆ ಅತಿ ಕಡಿಮೆ ಲೋಹ ಕಳೆಯುವ ದಾರಿ 7 ಬಿಎ. ಅದರ ವ್ಯಾಸ 2.5 ಮಿ.ಮೀ., ಅಂದರೆ 0.3 ಮಾತ್ರ ಹೆಚ್ಚು. ನೇರ 6 ಬಿಎಗೆ ಹಾರಿದರೆ ಫ್ರೇಮ್‌ನ ತೆಳ್ಳಗಿನ ಪಿಲ್ಲರ್‌ನಲ್ಲಿ (ಕಂಬದಲ್ಲಿ) ಗೋಡೆಯೇ ಉಳಿಯುವುದಿಲ್ಲ. ಹೀಗಾಗಿ 7 ಬಿಎ ಸ್ಕ್ರೂ ಮತ್ತು ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಸವೆದ ಥ್ರೆಡ್ ಸ್ವಚ್ಛ ಮಾಡಲು 6 ಮತ್ತು 8 ಬಿಎ ಟ್ಯಾಪ್‌ಗಳೂ ಬೇಕು. ಹೊಸ ತೂತಾದರೆ 6 ಬಿಎಗೆ 2.3, 8 ಬಿಎಗೆ 1.8 ಮಿ.ಮೀ. ಡ್ರಿಲ್. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅವಸರ ಮಾಡಿದರೆ ತೂತಿನೊಳಗೇ ಮುರಿಯುತ್ತದೆ, ಅದನ್ನು ತೆಗೆಯುವುದು ರೀಲ್ ಬೆಲೆಯ ಕೆಲಸ.

ಹಿತ್ತಾಳೆಯೋ ಸ್ಟೀಲೋ? ಮೂಲದಲ್ಲಿ ಏನಿತ್ತೋ ಅದೇ. ಸ್ಟೇನ್‌ಲೆಸ್ ನೋಡಲು ಚೆಂದ, ಆದರೆ ಒದ್ದೆ ಅಲ್ಯೂಮಿನಿಯಂನಲ್ಲಿ ಕೂತರೆ ಅಲ್ಯೂಮಿನಿಯಂ ತಿನ್ನಿಸಿಕೊಂಡು ಬಿಳಿ ಪುಡಿಯಾಗಿ ಸ್ಕ್ರೂವನ್ನು ಹಿಡಿದುಬಿಡುತ್ತದೆ, ಉಪ್ಪುನೀರಾದರೆ ಇನ್ನೂ ಬೇಗ. ಹಾಕಲೇಬೇಕಾದರೆ ಥ್ರೆಡ್‌ಗೆ ಗ್ರೀಸ್ ಸವರಿ. ಹೀಗೆ ಹಿಡಿದ ಸ್ಟೀಲ್ ಸ್ಕ್ರೂ ತೆಗೆಯಲು ಪೆನಿಟ್ರೇಟಿಂಗ್ ಎಣ್ಣೆ ಬಿಟ್ಟು ಒಂದು ದಿನ ಕಾದು, ಹೇರ್ ಡ್ರೈಯರ್ ಬಿಸಿ ಕೊಡಿ: ಅಲ್ಯೂಮಿನಿಯಂ ಸಾಮಾನ್ಯ ಸ್ಟೀಲ್‌ಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಸ್ಟೇನ್‌ಲೆಸ್‌ಗೆ ಹೋಲಿಸಿದರೆ ವ್ಯತ್ಯಾಸ ಕಡಿಮೆ. ಹಿತ್ತಾಳೆ ಸ್ಕ್ರೂಗೆ ಈ ಉಪಾಯ ಅಷ್ಟಾಗಿ ಫಲಿಸದು, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುತ್ತವೆ. ಯಾವುದಾದರೂ ಸರಿ, ಡ್ರೈವರ್‌ನ ತುದಿ ಸೀಳಿನ ಅಗಲ, ದಪ್ಪ ಎರಡಕ್ಕೂ ಸರಿಹೊಂದಬೇಕು. ಬೆಣೆಯಂತೆ ಇಳಿಜಾರಾದ ಮಾಮೂಲಿ ತುದಿ ಜಾರಿ ಸೀಳನ್ನು ಕೆಡಿಸುತ್ತದೆ, ಬಂದೂಕು ರಿಪೇರಿಯವರು ಬಳಸುವ, ತುದಿಯ ಪಕ್ಕಗಳು ಸಮಾನಾಂತರವಾಗಿರುವ ಹಾಲೋ ಗ್ರೌಂಡ್ ಬಿಟ್ ತೆಗೆದುಕೊಳ್ಳಿ.

ಸ್ಕ್ರೂ ಅಲ್ಲದ ಭಾಗಗಳಿಗೆ ಬಾಕ್ಸ್ ನಿರುಪಯೋಗಿ, ಅಲ್ಲಿ ಭಾಗ ಕೊಡುವ ಹಳೆಯ ರೀಲೇ ಗತಿ. ಅಮೆರಿಕದ ಫ್ಲೂಗರ್ ಮೆಡಲಿಸ್ಟ್ ರೀಲ್ ಇದಕ್ಕೆ ಅನುಕೂಲ. ಒಹಾಯೊದ ಆಕ್ರನ್‌ನಲ್ಲಿ ಎಂಟರ್‌ಪ್ರೈಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಶುರುಮಾಡಿ, 1966ರಲ್ಲಿ ಶೇಕ್ಸ್‌ಪಿಯರ್ ಕಂಪನಿಗೆ ಹೋದ ಮೇಲೂ ದಶಕಗಳ ಕಾಲ ತಯಾರಾದ ರೀಲ್ ಇದು, ಕೆಟ್ಟದ್ದೊಂದು ಸುಲಭವಾಗಿ ಸಿಗುತ್ತದೆ. ಒಂದೇ ಮಾಡೆಲ್ ನಂಬರ್ ಇದ್ದರೂ ಆಕ್ರನ್ ಕಾಲದ ಭಾಗ ನಂತರದ್ದಕ್ಕೆ ಹೊಂದುತ್ತದೆ ಎಂದು ಭಾವಿಸಬೇಡಿ, ಫೋಟೊ ಪಕ್ಕಪಕ್ಕ ಇಟ್ಟು ನೋಡಿ. ಹಾರ್ಡಿ ಹಾಗಲ್ಲ. ಇಂಗ್ಲೆಂಡಿನ ಅಲ್ನಿಕ್ ಊರಿನಲ್ಲಿ ತಯಾರಾದ ಅದರ ಹಳೆಯ ರೀಲ್‌ಗಳನ್ನು ಫಿಟ್ಟರ್‌ಗಳು ಕೈಯಲ್ಲೇ ಕೂರಿಸಿದ್ದರಿಂದ ಅದೇ ಮಾಡೆಲ್‌ನ ಪಾಲ್ (ಹಲ್ಲುಚಕ್ರಕ್ಕೆ ತಾಗುವ ಸಣ್ಣ ನಾಲಿಗೆ) ಕೂಡ ಅರ ಹಿಡಿಯದೆ ಕೂರದಿರಬಹುದು. ಹಾರ್ಡಿಯ ಸೇಂಟ್ ಜಾರ್ಜ್ ಮಾಡೆಲ್ ಕೊಳ್ಳುವಾಗ ಲ್ಯಾಚ್ ಎರಡು ಸ್ಕ್ರೂನದೋ ಮೂರರದೋ ಕೇಳಿಯೇ ದುಡ್ಡು ಕೊಡಿ. ಅದರ ಪರ್ಫೆಕ್ಟ್ ಮಾಡೆಲ್ ಬಿಚ್ಚುವುದಾದರೆ ಅಂಚಿರುವ ತಟ್ಟೆಯ ಮೇಲೆ ಬಿಚ್ಚಿ, ಬೇರಿಂಗ್ ಗುಂಡುಗಳು ಬಿಡಿಬಿಡಿಯಾಗಿ ಉದುರುತ್ತವೆ. ಒಂದು ಕಳೆದರೂ ಪೂರ್ತಿ ಸೆಟ್ ಬದಲಿಸಿ. ಹೊಸ ಗುಂಡು ಒಂದೇ ಇದ್ದರೆ ಸವೆದ ಉಳಿದವುಗಳ ಭಾರವನ್ನೂ ಅದೇ ಹೊರುತ್ತದೆ.

ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು) ಬಳಸುವವರು ನೇರಳೆ ಬಣ್ಣದ ಕಡಿಮೆ ಬಲದ್ದನ್ನೇ, ಅದೂ ಸೂಜಿ ಮೊನೆಯಷ್ಟು. ಕೆಂಪು ಹಾಕಿದ 8 ಬಿಎ ಸ್ಕ್ರೂ ಬಿಚ್ಚಬೇಕಾದರೆ ಸುಮಾರು 250 ಡಿಗ್ರಿ ಬಿಸಿ ಬೇಕು, ಅಷ್ಟರಲ್ಲಿ ರೀಲ್‌ನ ಬಣ್ಣ ಹೋಗಿರುತ್ತದೆ.